ಮಗಳ ಮನೆಯ ವಾಲ್ವು

ಮಕ್ತಲ್‌ನಲ್ಲಿ ಯಾರದಾದರೂ ಮನೆಯ ನೀರಿನ ವಾಲ್ವು ಬಿಗಿದುಕೊಂಡರೆ ಮೊದಲು ಮನೆಯ ಯಜಮಾನ ತಿರುವಿ ನೋಡುತ್ತಾನೆ. ಆಗದಿದ್ದರೆ ಪಕ್ಕದ ಮನೆಯ ಗಟ್ಟಿ ಆಳನ್ನು ಕರೆದು ತಿರುವಿಸುತ್ತಾನೆ. ಹಿಡಿ ಮುರಿದು ಕೈಗೆ ಬಂದ ಮೇಲೆ ಇಬ್ಬರೂ ಮುಖ ಮುಖ ನೋಡಿಕೊಂಡು ಕಿಷ್ಟಪ್ಪನಿಗೆ ಫೋನು ಹಚ್ಚುತ್ತಾರೆ. ಇಪ್ಪತ್ತು ವರ್ಷದಿಂದ ಇದೇ ನಡೆದಿದೆ. ಈ ಜನರ ಮೇಲೆ ಸಿಟ್ಟಾಗುವುದನ್ನು ಕಿಷ್ಟಪ್ಪ ಎಂದೋ ಬಿಟ್ಟಿದ್ದಾನೆ. ಈಗ ಅವನಿಗೆ ಬರುವುದು ಬರೀ ದಣಿವು. ಐವತ್ತೆಂಟು ವರ್ಷ, ಬಲಗೈ ಮಣಿಕಟ್ಟಿನಲ್ಲಿ ಬಿಡದ ನೋವು, ಹೆಗಲಿಗೊಂದು ಸಾಮಾನಿನ ಚೀಲ. ಮುರಿಯುವ ಮೊದಲು ಕರೆಯಿರಿ ಎಂದು ಹೇಳಿ ಹೇಳಿ ಅವನ ನಾಲಿಗೆ ಸವೆದಿದೆ. ಕೇಳುವವರು ಹೂಂ ಅನ್ನುತ್ತಾರೆ, ಮುಂದಿನ ಸಲ ಮತ್ತೆ ಮುರಿದೇ ಕರೆಯುತ್ತಾರೆ.

ಕಿಷ್ಟಪ್ಪ ಹುಟ್ಟಿದ್ದು ಕುರಿ ಕಾಯುವವರ ಮನೆಯಲ್ಲಿ, ಬೀರಪ್ಪ ದೇವರ ಒಕ್ಕಲಲ್ಲಿ. ಅಪ್ಪ ಹಿಂಡಿನ ಹಿಂದೆ ಕೃಷ್ಣೆಯ ದಂಡೆಯುದ್ದಕ್ಕೂ ಅಲೆದ. ಮಗನಿಗೆ ಆ ಅಲೆದಾಟ ಬೇಡವೆನಿಸಿ ರಾಯಚೂರಿಗೆ ಹೋದ, ಕಬ್ಬಿಣದ ಪೈಪು ಕೂಡಿಸುವುದನ್ನು ಕಲಿತ, ವಾಪಸು ಬಂದು ಮಕ್ತಲ್‌ನಿಂದ ನಾರಾಯಣಪೇಟೆಯವರೆಗೆ ಊರೂರು ತಿರುಗಿದ. ಅಂದರೆ ಅಲೆದಾಟವೇನೂ ತಪ್ಪಲಿಲ್ಲ, ಕುರಿ ಮಾತ್ರ ತಪ್ಪಿದವು. ಆಮೇಲೆ ಕಬ್ಬಿಣ ಹೋಗಿ ಪ್ಲಾಸ್ಟಿಕ್ ಬಂತು. ತೆಲಂಗಾಣ ಬೇರೆ ರಾಜ್ಯವಾದ ಮೇಲಂತೂ ಮನೆಮನೆಗೆ ನಳ, ಮಾಳಿಗೆ ಮಾಳಿಗೆಗೂ ಕರಿ ಟಾಕಿ, ಒಂದೊಂದು ಟಾಕಿಗೆ ಎರಡು ಮೂರು ವಾಲ್ವು. ನಳದ ನೀರು ಸಾಲದವರು ಅದೇ ಟಾಕಿಗೆ ಬೋರಿನ ನೀರನ್ನೂ ಏರಿಸುತ್ತಾರೆ. ಈ ಸೀಮೆಯ ಬೋರಿನ ನೀರು ಗಡಸು. ಅನ್ನ ಬೇಯಿಸಿದ ಪಾತ್ರೆಗೆ ಹತ್ತುವ ಬಿಳಿ ಸುಣ್ಣವೇ ವಾಲ್ವಿನ ಒಳಗಿನ ಗುಂಡಿಗೂ ಹತ್ತುತ್ತದೆ. ಆರು ತಿಂಗಳು ಯಾರೂ ಮುಟ್ಟದಿದ್ದರೆ ಗುಂಡು ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ.

ಅದನ್ನು ಬಿಡಿಸುವುದರಲ್ಲಿ ಅವನದೊಂದು ಪದ್ಧತಿ. ನಟ್ಟು ತಿರುವುವ ಪಾನಾ ಮುಟ್ಟುವುದಿಲ್ಲ. ಕಬ್ಬಿಣಕ್ಕೆ ಪಾನಾ ಸರಿ. ಪ್ಲಾಸ್ಟಿಕ್ಕಿಗೆ ಹಾಕಿದರೆ ಹಿಡಿಯ ಕಡ್ಡಿ ಒಳಗೇ ಚಟ್ಟೆಂದು ಮುರಿದು ಒಂದಿದ್ದ ಕೆಲಸ ಮೂರಾಗುತ್ತದೆ. ಮೊದಲು ಮೋಟಾರು ನಿಲ್ಲಿಸಿ ಪೈಪಿನಲ್ಲಿದ್ದ ನೀರು ಬಿಡುತ್ತಾನೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ವಾಲ್ವಿಗೆ ಸುತ್ತಿ, ಆರಿದಂತೆಲ್ಲ ಮತ್ತೆ ಅದ್ದಿ ಸುತ್ತಿ, ಅರ್ಧ ತಾಸು ಸುಮ್ಮನೆ ಕೂರುತ್ತಾನೆ. ಕುದಿಯುವ ನೀರು ಸುರಿಯುವುದಿಲ್ಲ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಆಮೇಲೆ ಎರಡೂ ಕೈಯಿಂದ ಹಿಡಿಯನ್ನು ಒಂದು ಕೂದಲೆಳೆ ಆಚೆ, ಒಂದು ಕೂದಲೆಳೆ ಈಚೆ. ತೆಗೆಯುವ ಕಡೆಗೇ ಒತ್ತುತ್ತಾ ಹೋಗುವವನು ದಡ್ಡ. ಮುಚ್ಚುವ ಕಡೆಗೂ ಒತ್ತಬೇಕು, ಆಗ ಸುಣ್ಣ ತಾನಾಗಿ ಬಿರುಕು ಬಿಡುತ್ತದೆ. ಇದನ್ನು ಅವನು ಪೈಪಿನ ಉಸ್ತಾದನಿಂದ ಕಲಿತದ್ದಲ್ಲ. ಕುರಿ ಈಯುವಾಗ ಮರಿ ಸಿಕ್ಕಿಕೊಂಡರೆ ಅಪ್ಪ ಎಳೆಯುತ್ತಿರಲಿಲ್ಲ. ಕುರಿ ತಿಣುಕಿದಾಗ ಕೈ ಕೊಟ್ಟು, ಅದು ಬಿಟ್ಟಾಗ ತಾನೂ ಬಿಟ್ಟು, ನಡುವೆ ಎಲೆಅಡಿಕೆ ಜಗಿಯುತ್ತ ಕೂರುತ್ತಿದ್ದ. ಕಿಷ್ಟಪ್ಪ ಎಲೆಅಡಿಕೆ ಹಾಕುವುದಿಲ್ಲ, ಉಳಿದದ್ದೆಲ್ಲ ಅಪ್ಪನದೇ.

ಬಿಡಿಸಿ ಕೊಟ್ಟು ಹೊರಡುವಾಗ ಎರಡು ಮಾತು ಹೇಳುತ್ತಾನೆ. ಒಂದು, ಅಮಾವಾಸ್ಯೆಗೊಮ್ಮೆ ಮನೆಯ ಎಲ್ಲ ವಾಲ್ವುಗಳನ್ನೂ ಪೂರ್ತಿ ಮುಚ್ಚಿ ಪೂರ್ತಿ ತೆಗೆಯಿರಿ. ತಾರೀಕು ಹೇಳಿದರೆ ಯಾರೂ ನೆನಪಿಡುವುದಿಲ್ಲ, ಅಮಾವಾಸ್ಯೆಯನ್ನು ಯಾರೂ ಮರೆಯುವುದಿಲ್ಲ. ಎರಡು, ಎಣ್ಣೆ ಹಾಕಬೇಡಿರಿ. ಈ ಎರಡನೆಯ ಮಾತು ಮಾತ್ರ ಎಲ್ಲರ ಕಿವಿಯ ಹೊರಗಿನಿಂದಲೇ ಹಾದುಹೋಗುತ್ತದೆ. ಕೀಲಿಗೆ ಎಣ್ಣೆ, ಕದಕ್ಕೆ ಎಣ್ಣೆ, ಉಣ್ಣೆ ಕತ್ತರಿಸುವ ಕತ್ತರಿಗೆ ಎಣ್ಣೆ, ದೇವರ ಕಲ್ಲಿಗೂ ಎಣ್ಣೆ ಹಾಕುವ ಜನ ವಾಲ್ವನ್ನು ಬಿಟ್ಟಾರೆಯೆ? ಶೇಂಗಾ ಎಣ್ಣೆ ಹನಿಸುತ್ತಾರೆ. ಎರಡು ದಿನ ಬೆಣ್ಣೆಯ ಹಾಗೆ ತಿರುಗುತ್ತದೆ. ಅಷ್ಟರಲ್ಲಿ ಒಳಗಿನ ರಬ್ಬರ್ ಉಂಗುರ ಎಣ್ಣೆ ಕುಡಿದು ಊದುತ್ತದೆ, ಎಣ್ಣೆಗೆ ಧೂಳು ಹತ್ತಿ ಅಂಟಾಗುತ್ತದೆ, ಏಳೆಂಟು ತಿಂಗಳಿಗೆ ವಾಲ್ವು ಸತ್ತಂತೆ ಬಿಗಿಯುತ್ತದೆ. ರಾತ್ರಿ ಊಟಕ್ಕೆ ಕೂತಾಗ ಕಿಷ್ಟಪ್ಪ ಈ ಎಣ್ಣೆ ಹಾಕುವವರ ಮನೆಯ ಕತೆ ಹೇಳಿಯೇ ಹೇಳುತ್ತಿದ್ದ. ಅವನ ಒಬ್ಬಳೇ ಮಗಳು ದೇವಿಕಾ ಆ ಕತೆಯನ್ನು ಎಷ್ಟು ಸಲ ಕೇಳಿದ್ದಳೆಂದರೆ, ಅಪ್ಪ ಬಾಯಿ ತೆರೆಯುವ ಮೊದಲೇ "ಎಂಟು ತಿಂಗಳಿಗೆ ಮತ್ತ ಕರೀತಾರ" ಎಂದು ಮುಗಿಸಿ ನಗುತ್ತಿದ್ದಳು.

ಆ ದೇವಿಕಾಳನ್ನು ಗದ್ವಾಲಕ್ಕೆ ಕೊಟ್ಟು ಏಳು ವರ್ಷವಾಯಿತು. ಅಳಿಯ ಮೌನೇಶ್ ಹತ್ತಿಬೀಜದ ಲಾರಿ ಓಡಿಸುತ್ತಾನೆ, ಒಳ್ಳೆಯವನು, ತಿಂಗಳಲ್ಲಿ ಇಪ್ಪತ್ತು ದಿನ ಮನೆಯಲ್ಲಿರುವುದಿಲ್ಲ. ಮನೆಯಲ್ಲಿ ಇರುವವಳು ಅವನ ತಾಯಿ ಮೈಲಮ್ಮ. ದೇವಿಕಾಳಿಗೆ ಇನ್ನೂ ಮಕ್ಕಳಾಗಿಲ್ಲ. ಇವರ ಮಂದಿಯಲ್ಲಿ ಒಂದು ಕಟ್ಟು ಇದೆ: ಮಗಳ ಹೊಟ್ಟೆಯಲ್ಲಿ ಕೂಸು ಹುಟ್ಟುವವರೆಗೆ ಹೆತ್ತವರು ಅವಳ ಗಂಡನ ಮನೆಯಲ್ಲಿ ಅನ್ನ ಉಣ್ಣುವಂತಿಲ್ಲ, ನೀರೂ ಕುಡಿಯುವಂತಿಲ್ಲ. ಮದುವೆಯಾದ ವರ್ಷ ಎರಡು ವರ್ಷಕ್ಕೆ ತೊಟ್ಟಿಲು ಕಟ್ಟುವ ಮನೆಗಳಿಗೆ ಇದು ನಗುವ ಮಾತು. ಬೀಗರು ಹಸಿದುಕೊಂಡೇ ಬಂದು ಹಸಿದುಕೊಂಡೇ ಹೋದರೆಂದು ಹೆಂಗಸರು ಹಾಡು ಕಟ್ಟಿ ಗೇಲಿ ಮಾಡುತ್ತಾರೆ. ಏಳು ವರ್ಷವಾದ ಮೇಲೆ ಯಾರೂ ಗೇಲಿ ಮಾಡುವುದಿಲ್ಲ.

ಎರಡನೆಯ ವರ್ಷ ಕಿಷ್ಟಪ್ಪ ಸುಮ್ಮನೆ ಮಗಳನ್ನು ನೋಡಿಬರಲು ಹೋಗಿದ್ದ. ಮೈಲಮ್ಮ ಕಟ್ಟೆಯ ಮೇಲೆ ಚಾಪೆ ಹಾಸಿದಳು. ನೀರು ಕೊಡುವಂತಿಲ್ಲ, ಚಹಾ ಕೊಡುವಂತಿಲ್ಲ. ಬೀಗನನ್ನು ಬರಿಗೈಲಿ ಕೂರಿಸಿಕೊಂಡು ಅವಳೂ ಚಡಪಡಿಸಿದಳು. ಓಣಿಯ ನಾಲ್ಕು ಹೆಂಗಸರು ಬಂದು ನಿಂತು, ಬೀಗರು ಬಂದಾರಲ್ಲ, ಏನಾರ ಸುದ್ದಿ ಐತೇನು ಎಂದು ಕೇಳಿದರು. ದೇವಿಕಾ ಒಳಗೆ ಹೋದವಳು ಅಪ್ಪ ಎದ್ದು ಹೊರಡುವವರೆಗೆ ಹೊರಗೆ ಬರಲಿಲ್ಲ. ಬಸ್ಸಿನಲ್ಲಿ ಕಿಷ್ಟಪ್ಪ, ತಾನು ಹೋದದ್ದೇ ತಪ್ಪಾಯಿತು ಎಂದುಕೊಂಡ. ಮತ್ತೆ ಹಾಗೆ ಹೋಗಲಿಲ್ಲ.

ಆದರೆ ಆ ವರ್ಷದ ಕೊನೆಗೆ ಅವರ ಮನೆಯ ಬಚ್ಚಲಿನ ವಾಲ್ವು ಬಿಗಿಯಿತು. ಮದುವೆಯ ಹೊತ್ತಿಗೆ ಆ ಮನೆಯ ಪೈಪು, ವಾಲ್ವು ಎಲ್ಲವನ್ನೂ ಕಿಷ್ಟಪ್ಪನೇ ಮುಂದೆ ನಿಂತು ಕೂಡಿಸಿ ಕೊಟ್ಟಿದ್ದ, ಅದಕ್ಕೇ ಅವನಿಗೇ ಕರೆ ಬಂತು. ಹೋದ. ಚೀಲ ಹೊತ್ತು ಹೋದ ಆ ದಿನ ಯಾರೂ ಚಾಪೆ ಹಾಸಲಿಲ್ಲ, ಸುದ್ದಿ ಕೇಳಲಿಲ್ಲ. ನಳದವನು ಬಂದರೆ ಕೆಟ್ಟದ್ದನ್ನು ತೋರಿಸಿದರೆ ಮುಗಿಯಿತು. ಮೂರು ತಾಸು ಆ ಮನೆಯಲ್ಲಿದ್ದ. ದೇವಿಕಾ ಬಿಸಿನೀರು ತಂದುಕೊಟ್ಟಳು, ಬಟ್ಟೆ ಹಿಂಡಿಕೊಟ್ಟಳು, ಮಾತಾಡಿದಳು. ಅಂದಿನಿಂದ ಏಳೆಂಟು ತಿಂಗಳಿಗೊಮ್ಮೆ ಆ ಮನೆಯದೊಂದು ವಾಲ್ವು ಬಿಗಿಯುವುದು, ಕಿಷ್ಟಪ್ಪ ಹೋಗುವುದು ರೂಢಿಯಾಯಿತು. ಮನೆಗೆ ಮರಳಿದಾಗ ಹೆಂಡತಿ ಪೆಂಟಮ್ಮ ವಾಲ್ವಿನ ಸುದ್ದಿ ಕೇಳುತ್ತಿರಲಿಲ್ಲ. ಯಾವ ಸೀರೆ ಉಟ್ಟಿದ್ದಳು, ಸೊರಗಿದ್ದಳೇನು, ಕೂದಲು ಉದುರಿವೆಯೇನು ಎಂದು ಕೇಳುತ್ತಿದ್ದಳು. ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲೆ ಪೆಂಟಮ್ಮ ಮೊಣಕಾಲು ನೋವು ಕಟ್ಟಿಕೊಂಡೇ ನಾಲ್ಕೂ ದಿಕ್ಕಿಗೆ ಹೋಗಿಬಂದಳು, ಗದ್ವಾಲ ಒಂದು ಬಿಟ್ಟು. ಮಗಳು ಪಂಚಮಿಗೆ ತವರಿಗೆ ಬಂದ ನಾಲ್ಕು ದಿನವೇ ಅವಳ ಪಾಲಿಗೆ ಇಡೀ ವರ್ಷ.

ಇಷ್ಟರ ನಡುವೆ ಕಿಷ್ಟಪ್ಪನನ್ನು ಒಂದು ಚಿಂತೆ ಕೊರೆಯುತ್ತಿತ್ತು. ಮಕ್ತಲ್‌ನಲ್ಲಿ ಅವನು ಹಾಕಿದ ವಾಲ್ವುಗಳು ಐದಾರು ವರ್ಷ ಬರುತ್ತವೆ. ಮಗಳ ಮನೆಯಲ್ಲಿ ಮಾತ್ರ ವರ್ಷ ತುಂಬುವುದರೊಳಗೆ ಒಂದಲ್ಲ ಒಂದು ಬಿಗಿಯುತ್ತದೆ. ನಾಲ್ಕು ವಾಲ್ವು, ಸರದಿ ಹಚ್ಚಿದಂತೆ ಒಂದಾದ ಮೇಲೊಂದು. ಒಳ್ಳೆಯ ಸಾಮಾನನ್ನೇ ಆರಿಸಿ ಒಯ್ದಿದ್ದ. ಕೈಯೇ ಕೆಟ್ಟಿತೇ, ಕಣ್ಣು ಮಂದವಾಯಿತೇ, ಮಗಳ ಮನೆ ಎಂದು ಗಡಿಬಿಡಿಯಲ್ಲಿ ತಪ್ಪು ಮಾಡುತ್ತಿದ್ದೇನೆಯೇ? ಹಿಂದಿನ ವಾಲ್ವುಗಳೆಲ್ಲ ಒಂದೇ ಅಚ್ಚಿನವು, ಬಿಚ್ಚಲು ಬರುವಂಥವಲ್ಲ. ಸ್ವಲ್ಪ ಅಲುಗಿದರೆ ಅಲುಗಿಸಿ ಬಿಡಿಸಿದ್ದ, ಆಗದ್ದನ್ನು ಕೊಯ್ದು ಎಸೆದು ಹೊಸದು ಅಂಟಿಸಿದ್ದ. ಒಳಗೇನಾಗಿದೆ ಎಂದು ನೋಡಿದ್ದೇ ಇಲ್ಲ. ಕಳೆದ ಸಲ ಮಾತ್ರ ಟಾಕಿಯ ಕೆಳಗೆ ಎರಡೂ ಬದಿಗೆ ನಟ್ಟು ಇರುವ, ಬಿಚ್ಚಿ ತೊಳೆಯಲು ಬರುವ ವಾಲ್ವು ಹಾಕಿಬಂದಿದ್ದ. ಇದಾದರೂ ನನ್ನ ಮಾನ ಕಾಯಲಿ ಎಂದು.

ಅದೂ ಬಿಗಿಯಿತು. ಏಪ್ರಿಲ್ ತಿಂಗಳ ಒಂದು ಮುಂಜಾನೆ ಮೈಲಮ್ಮನೇ ಫೋನು ಮಾಡಿದಳು. ಬಚ್ಚಲ ನಳ ಸೋರುತ್ತದೆಂದು ದೇವಿಕಾ ಟಾಕಿಯ ವಾಲ್ವು ಮುಚ್ಚಿದ್ದಳಂತೆ, ಆಮೇಲೆ ತೆಗೆಯಲು ಬರಲಿಲ್ಲ. ಟಾಕಿ ತುಂಬ ನೀರು, ನಳಗಳಲ್ಲಿ ಒಂದು ಹನಿ ಇಲ್ಲ, ಎರಡು ದಿನದಿಂದ ಬೀದಿಯಿಂದ ಕೊಡ ಹೊತ್ತು ತನ್ನ ಸೊಂಟ ಬಿದ್ದುಹೋಗಿದೆ ಎಂದಳು. ಇದೇ ಕೊನೆ ಎಂದೂ ಹೇಳಿದಳು. ಇನ್ನು ಒಂದು ಸಲ ಹೀಗಾದರೆ ಗದ್ವಾಲದ ನರಸಯ್ಯನನ್ನು ಕರೆಸಿ ಮನೆಯ ನಾಲ್ಕೂ ವಾಲ್ವು ಕಿತ್ತು ಹಿತ್ತಾಳೆಯವು ಹಾಕಿಸುವಳಂತೆ. ಅವು ಕೆಡುವುದಿಲ್ಲವಂತೆ, ಮೇಲೆ ಕೆಟ್ಟರೂ ನರಸಯ್ಯನ ಮನೆ ನಾಲ್ಕು ಹೆಜ್ಜೆ. "ನೀವು ಅಷ್ಟು ದೂರದಿಂದ ಬರೂ ತ್ರಾಸು ತಪ್ಪತೈತಿ, ಬೀಗರ" ಎಂದು ಮಾತು ಮುಗಿಸಿದಳು. ಅವಳು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಕಿಷ್ಟಪ್ಪ ಫೋನು ಹಿಡಿದುಕೊಂಡು ಬಹಳ ಹೊತ್ತು ಅಂಗಳದಲ್ಲಿ ನಿಂತ. ಆ ತ್ರಾಸು ತಪ್ಪಿದರೆ ಮಗಳ ಮುಖ ನೋಡುವುದೂ ತಪ್ಪುತ್ತದೆ ಎಂದು ಯಾರಿಗೆ ಹೇಳುವುದು?

ಬಾಟಲಿಯಲ್ಲಿ ನೀರು ತುಂಬಿಕೊಂಡು ಬಸ್ಸು ಹತ್ತಿದ. ಆತ್ಮಕೂರು ದಾಟಿ, ಜುರಾಲ ಅಣೆಕಟ್ಟೆಯ ಮೇಲೆ ಬಸ್ಸು ಹೊರಟಾಗ ಕಿಟಕಿಯಿಂದ ಬಂದ ಗಾಳಿಯೂ ಬಿಸಿಯಾಗಿತ್ತು. ದಾರಿಯುದ್ದಕ್ಕೂ ಅವನು ಮಣಿಕಟ್ಟು ತಿಕ್ಕಿಕೊಳ್ಳುತ್ತ, ಈ ವಾಲ್ವನ್ನು ಇಂದು ಮುರಿಯದೆ ಬಿಡಿಸಿ ಇನ್ನು ಕೆಡದಂತೆ ಕೂರಿಸಬೇಕು, ನರಸಯ್ಯ ಆ ಮನೆಯ ಹೊಸಿಲು ದಾಟಬಾರದು ಎಂದು ಯೋಚಿಸಿದ. ಆ ಮೇಲೆ, ಕೆಡದಂತೆ ಕೂರಿಸಿದರೆ ತನ್ನನ್ನು ಕರೆಯುವವರಾದರೂ ಯಾಕೆ ಎಂಬುದೂ ಹೊಳೆಯಿತು. ಎತ್ತ ತಿರುಗಿದರೂ ಗೋಡೆ. ತಲೆ ಕಿಟಕಿಗೆ ಆನಿಸಿ ಕಣ್ಣು ಮುಚ್ಚಿದ.

ಮನೆಯ ಮುಂದೆ ಮೈಲಮ್ಮ ಖಾಲಿ ಕೊಡ ಇಟ್ಟುಕೊಂಡು ಕೂತಿದ್ದಳು. ಸೊಂಟಕ್ಕೆ ಬಟ್ಟೆ ಬಿಗಿದಿದ್ದಳು, ಮುಖ ಬಾಡಿತ್ತು. ಅವಳನ್ನು ನೋಡಿದರೆ ಸಿಟ್ಟು ಮಾಡಿಕೊಳ್ಳಲೂ ಆಗುವಂತಿರಲಿಲ್ಲ. ದೇವಿಕಾ ಒಳಗಿನಿಂದ ಬಂದು ಅಪ್ಪನ ಚೀಲ ಇಸಿದುಕೊಂಡಳು. ಹಸಿರು ನಾರಾಯಣಪೇಟೆ ಸೀರೆ, ಅಂಚು ಸವೆದಿದೆ, ಸ್ವಲ್ಪ ಸೊರಗಿದ್ದಾಳೆ: ಪೆಂಟಮ್ಮನಿಗೆ ಹೇಳಲು ಕಿಷ್ಟಪ್ಪ ಅಲ್ಲಿಯೇ ಗುರುತು ಮಾಡಿಕೊಂಡ.

ಮಾಳಿಗೆಯ ಮೇಲೆ ಬಿಸಿಲು ಸುರಿಯುತ್ತಿತ್ತು. ವಾಲ್ವಿಗೆ ಬಿಸಿ ಬಟ್ಟೆ ಸುತ್ತಿ ಅರ್ಧ ತಾಸು ಕಾದ, ಹಿಡಿಗೆ ಎರಡೂ ಕೈ ಕೊಟ್ಟ. ಸುಣ್ಣ ಹಿಡಿದ ವಾಲ್ವಿನ ಬಿಗಿ ಅವನಿಗೆ ಗೊತ್ತು. ಕಲ್ಲಿನ ಹಾಗೆ ಕೂತಿರುತ್ತದೆ, ಬಿಟ್ಟಾಗ ಒಮ್ಮೆಲೇ ಕರಕ್ ಎಂದು ಬಿಡುತ್ತದೆ. ಇದು ಬೇರೆ ನಮೂನೆ. ಒತ್ತಿದರೆ ಒಂದು ಕೂದಲೆಳೆ ಮುಂದೆ ಹೋಗಿ, ಕೈ ಸಡಿಲಿಸಿದರೆ ತಾನಾಗಿ ಹಿಂದಕ್ಕೆ ಬರುತ್ತಿತ್ತು. ರಬ್ಬರಿನ ಬಿಗಿ. ಬಿಚ್ಚದೆ ಗತಿಯಿಲ್ಲ, ಬಿಚ್ಚಬೇಕಾದರೆ ಮೊದಲು ಟಾಕಿ ಖಾಲಿಯಾಗಬೇಕು.

ತುಂಬಿದ ಟಾಕಿಯ ನೀರು ಚೆಲ್ಲುವುದೆಂದರೆ ಮೈಲಮ್ಮ ಸುಮ್ಮನಿರುವಳೇ? ಮನೆಯಲ್ಲಿದ್ದ ಕೊಡ, ಬಕೀಟು, ಹಂಡೆ ಎಲ್ಲ ಅಂಗಳಕ್ಕೆ ಬಂದವು. ಕಿಷ್ಟಪ್ಪ ಟಾಕಿಯಿಂದ ಕೆಳಕ್ಕೆ ಉದ್ದದ ರಬ್ಬರ್ ಪೈಪು ಇಳಿಬಿಟ್ಟ. ಬೇರೆಯವರ ಮನೆಯಾಗಿದ್ದರೆ ಪೈಪಿನ ತುದಿ ಬಾಯಲ್ಲಿಟ್ಟು ಒಮ್ಮೆ ಜಗ್ಗಿ ಎಳೆದರೆ ನೀರು ಇಳಿಯುತ್ತಿತ್ತು. ಇಲ್ಲಿ ಆ ನೀರಿಗೆ ಅವನು ತುಟಿ ಹಚ್ಚುವಂತಿಲ್ಲ. ಪೈಪನ್ನೆಲ್ಲ ಸುರುಳಿ ಸುತ್ತಿ ಟಾಕಿಯೊಳಗೆ ಮುಳುಗಿಸಿ, ಒಳಗಿನ ಗಾಳಿ ಗುಳುಗುಳು ಎಂದು ಹೋಗುವವರೆಗೆ ಬಗ್ಗಿ ಹಿಡಿದು, ಒಂದು ತುದಿಗೆ ಹೆಬ್ಬೆರಳು ಒತ್ತಿ ಹೊರಗೆ ತೆಗೆದ. ಬಾಯಲ್ಲಿ ಒಂದು ಚಣದ ಕೆಲಸ, ಹೀಗೆ ಮಾಡಿದರೆ ಕಾಲು ತಾಸು. ಹೆಬ್ಬೆರಳಿನಿಂದ ಮೊಣಕೈವರೆಗೂ ನೋವು ಜಗ್ಗಿತು. ಕೆಳಗೆ ಕೊಡಗಳು ತುಂಬಿದವು, ಹಂಡೆ ತುಂಬಿತು, ಪಕ್ಕದ ಮನೆಯವರೂ ಕೊಡ ತಂದರು.

ಟಾಕಿ ಖಾಲಿಯಾದಾಗ ಮಧ್ಯಾಹ್ನ ಹನ್ನೆರಡು ದಾಟಿತ್ತು. ಎರಡೂ ನಟ್ಟು ಕೈಯಿಂದಲೇ ಸಡಿಲಿಸಿ ವಾಲ್ವನ್ನು ಮಡಿಲಿಗೆ ತೆಗೆದುಕೊಂಡು, ಟಾಕಿಯ ನೆರಳಲ್ಲಿ ಕೂತ. ಹಿಡಿ ಕಿತ್ತ. ಹಿಡಿಯ ಬುಡದಲ್ಲಿ ಕಂದು ಬಣ್ಣದ ಅಂಟು, ಅಂಟಿಗೆ ಹತ್ತಿದ ಧೂಳು. ಕಡ್ಡಿಯ ಉಂಗುರ ಊದಿ ಎರಡರಷ್ಟಾಗಿತ್ತು. ಮೂಗಿನ ಹತ್ತಿರ ತಂದ. ಹಳಸಿದ ಶೇಂಗಾ ಎಣ್ಣೆ.

ಮೊದಲು ಅವನಿಗೆ ಆದದ್ದು ಸಮಾಧಾನ. ತನ್ನ ಕೈ ಕೆಟ್ಟಿಲ್ಲ, ಕಣ್ಣು ಕೆಟ್ಟಿಲ್ಲ! ಐದು ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಂತಾಯಿತು. ಈ ಉಂಗುರವನ್ನು ಒಯ್ದು ಮೈಲಮ್ಮನ ಮುಂದೆ ಇಟ್ಟರೆ ಸಾಕು, ತಪ್ಪು ತನ್ನದಲ್ಲ, ಎಣ್ಣೆ ಹಾಕಿದವರದು ಎಂದು ಮುಖಕ್ಕೆ ಹೊಡೆದಂತೆ ಹೇಳಬಹುದು. ಹಾಗೆಂದುಕೊಂಡು ಎದ್ದೂ ನಿಂತ. ಎದ್ದು ನಿಂತಾಗ, ಎಣ್ಣೆ ಹಾಕಿದವರು ಯಾರು ಎಂಬುದು ತಲೆಗೆ ಬಂತು. ಸೊಂಟ ನೋವಿನ ಮೈಲಮ್ಮ ಮಾಳಿಗೆ ಹತ್ತಿ ಎಷ್ಟು ವರ್ಷವಾಯಿತೋ. ಮೌನೇಶ್ ಮನೆಯಲ್ಲೇ ಇರುವುದಿಲ್ಲ.

ಅಷ್ಟರಲ್ಲಿ ದೇವಿಕಾ ಹುಣಸೆಹುಳಿ ಕಿವುಚಿದ ಬಿಸಿನೀರಿನ ಬೋಗುಣಿ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಗುಂಡಿಗೆ ಹತ್ತಿದ ಸುಣ್ಣವನ್ನು ಹುಣಸೆ ನೀರಲ್ಲಿ ನೆನೆಸಿ ತೆಗೆಯುವುದು ಅಪ್ಪನ ಪದ್ಧತಿ, ಹೇಳದೆಯೇ ತಂದಿದ್ದಳು. ಕಿಷ್ಟಪ್ಪ ಅಂಗೈ ಮೇಲೆ ಊದಿದ ಉಂಗುರವಿಟ್ಟು ಅವಳ ಮುಂದೆ ಹಿಡಿದ. ಅವಳು ಅದನ್ನು ನೋಡಲಿಲ್ಲ, ಬೋಗುಣಿ ಕೆಳಗಿಟ್ಟು ಸೆರಗಿನಿಂದ ಕೈ ಒರೆಸಿಕೊಂಡಳು.

"ಎಣ್ಣಿ ಹಾಕಬಾರದು ಅಂತ ನಿನಗ ಗೊತ್ತಿಲ್ಲೇನ, ಯವ್ವಾ?" ಎಂದ.

"ಗೊತ್ತೈತಿ."

"ಗೊತ್ತಿದ್ದೂ?"

ದೇವಿಕಾ ಕೆಳಗಿನ ಅಂಗಳದ ಕಡೆ ನೋಡಿದಳು. ಮೈಲಮ್ಮ ಪಕ್ಕದ ಮನೆಯವಳೊಂದಿಗೆ ಮಾತಾಡುತ್ತಿದ್ದಳು.

"ವಾಲು ಬಿಗಿದ್ರ ನೀ ಬರ್ತಿ, ಅಪ್ಪಾ. ಇಲ್ಲಂದ್ರ ಬರಂಗಿಲ್ಲ," ಎಂದಳು. "ಒಂದಾದ ಮ್ಯಾಲ ಒಂದಕ್ಕ ಹಾಕೀನಿ. ಹಿಡಿ ತಗದು ನಾಕು ಹನಿ. ಎಂಟು ತಿಂಗಳಿಗೆ ಮತ್ತ ಕರೀತಾರ ಅಂತ ನೀನ ಹೇಳ್ತಿದ್ದೆಲ್ಲ."

ಕಿಷ್ಟಪ್ಪ ಕೂತುಬಿಟ್ಟ. ಎರಡು ದಿನದಿಂದ ಈ ಹುಡುಗಿಯೂ ಬೀದಿಯಿಂದ ಕೊಡ ಹೊತ್ತಿದ್ದಾಳೆ, ಅತ್ತೆಯ ಬಾಯಿ ಕೇಳಿದ್ದಾಳೆ, ನಿನ್ನ ಅಪ್ಪನ ಕೆಲಸವೇ ಇಷ್ಟು ಎಂಬ ಮಾತನ್ನೂ ನುಂಗಿದ್ದಾಳೆ. ಮೂರು ತಾಸು ಅಪ್ಪ ಮಾಳಿಗೆಯ ಮೇಲೆ ಇರಲಿ ಎಂದು ಎಂಟು ತಿಂಗಳು ಕಾದಿದ್ದಾಳೆ. ಅವನಾದರೂ ಏನು ಮಾಡಿದ್ದ? ಹಳೆಯ ಕಟ್ಟಿಗೆ ಹೆದರಿ, ಓಣಿಯ ಹೆಂಗಸರ ಒಂದು ಮಾತಿಗೆ ಹೆದರಿ, ಹೆತ್ತ ಮಗಳ ಮನೆಗೆ ಐದು ವರ್ಷ ಬರೀ ಕೂಲಿಯವನಾಗಿ ಬಂದಿದ್ದ. ಮಗಳ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದೆಲ್ಲ ತನ್ನ ಮೇಲೆ, ಅದೂ ಕೂಗಾಡುವಂಥ ಸಿಟ್ಟಲ್ಲ. ಇನ್ನು ಸಾಕು ಎನ್ನಿಸುವಂಥದ್ದು.

ಇಬ್ಬರೂ ಕೆಲಸಕ್ಕೆ ಕೂತರು. ಗುಂಡು ಹುಣಸೆ ನೀರಲ್ಲಿ ನೆನೆಯಿತು, ದೇವಿಕಾ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದರ ಬಿಳಿ ಹಕ್ಕಳೆ ತಿಕ್ಕಿದಳು. ಕಿಷ್ಟಪ್ಪ ಅಂಟನ್ನೆಲ್ಲ ಸಾಬೂನು ನೀರಿನಿಂದ ತೊಳೆದು ಬಟ್ಟೆಯಿಂದ ಒರೆಸಿದ, ಚೀಲದಿಂದ ಹೊಸ ಉಂಗುರ ತೆಗೆದು ಹಾಕಿದ, ಪ್ಲಾಸ್ಟಿಕ್ಕಿಗೆಂದೇ ಬರುವ ಸಿಲಿಕಾನ್ ಗ್ರೀಸನ್ನು ಸಾಸಿವೆಯಷ್ಟು ತೆಗೆದುಕೊಂಡು ಬೆರಳಿನಿಂದ ಸವರಿದ. ನಟ್ಟುಗಳನ್ನು ಕೈಯಿಂದಲೇ ಬಿಗಿದ, ಪಾನಾ ಮುಟ್ಟಲಿಲ್ಲ. ಹಿಡಿಯನ್ನು ಮಗಳ ಕೈಗೆ ಕೊಟ್ಟು ತಿರುವಿಸಿದ. ಒಂದೇ ಬೆರಳಿಗೆ ತಿರುಗಿತು. ಕೆಳಗೆ ಇಳಿದು ಬಚ್ಚಲಿನ, ಹಿತ್ತಲಿನ, ಬೀದಿಯ ಬದಿಯ ವಾಲ್ವುಗಳನ್ನೂ ಒಂದೊಂದಾಗಿ ನೋಡಿದ. ಬಚ್ಚಲಿನದರ ಹಿಡಿಯ ಬುಡದಲ್ಲಿ ಹೊಸ ಎಣ್ಣೆಯ ಪಸೆ ಇತ್ತು. ಮಗಳ ಕಡೆ ತಿರುಗಿ ನೋಡದೆ ಅದನ್ನು ಕೊಯ್ದು ತೆಗೆದು, ಚೀಲದಲ್ಲಿದ್ದ ಹೊಸದನ್ನು ಅಂಟಿಸಿ ಕೂರಿಸಿದ.

ಮೋಟಾರು ಹಾಕಿ ಟಾಕಿಗೆ ನೀರು ಬಂದು, ಬಚ್ಚಲ ನಳ ಬುಸುಗುಟ್ಟಿ ನೀರು ಸುರಿದಾಗ ಮೈಲಮ್ಮ ಒಂದು ಉಸಿರು ಬಿಟ್ಟು ಕಟ್ಟೆಯ ಮೇಲೆ ಕೂತಳು. ಆಮೇಲೆ, ಈ ಸಲ ಏನಾಗಿತ್ತು ಎಂದು ಕೇಳಿದಳು. ದೇವಿಕಾ ಬಾಗಿಲಲ್ಲಿ ನಿಂತಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಕಿಷ್ಟಪ್ಪ, ಉಂಗುರದ ಅಳತೆ ತಪ್ಪಿತ್ತು, ಮೊದಲಿನಿಂದಲೂ ನಾನೇ ತಪ್ಪಾದದ್ದನ್ನು ಹಾಕುತ್ತ ಬಂದಿದ್ದೆ ಎಂದುಬಿಟ್ಟ. ಇಪ್ಪತ್ತು ವರ್ಷದಲ್ಲಿ ತನ್ನ ಕೆಲಸದ ಬಗ್ಗೆ ಅವನು ಅಂಥ ಮಾತು ಆಡಿದವನಲ್ಲ. ನಾಲಿಗೆ ಕಹಿಯಾಯಿತು, ಆದರೂ ಆಡಿದ್ದು ಸರಿಯೆನಿಸಿತು.

ಮೈಲಮ್ಮ ಅವನನ್ನೇ ದಿಟ್ಟಿಸಿದಳು. ಹಾಗಾದರೆ ನರಸಯ್ಯನಿಗೆ ಹೇಳಿಯೇ ಬಿಡುತ್ತೇನೆ, ಹಿತ್ತಾಳೆಯವನ್ನೇ ಹಾಕಿಸುತ್ತೇನೆ ಎಂದಳು.

ಬೇಡ ಎಂದ ಕಿಷ್ಟಪ್ಪ. ಈಗ ಎಲ್ಲ ಸರಿಯಾಗಿದೆ, ಅಮಾವಾಸ್ಯೆಗೊಮ್ಮೆ ತಿರುವಿದರೆ ಇನ್ನು ಹತ್ತು ವರ್ಷ ಇವು ಕೆಡುವುದಿಲ್ಲ, ಖರ್ಚು ಮಾಡಬೇಡಿರಿ ಎಂದ. ಎಣ್ಣೆಯ ಮಾತು ಎತ್ತಲಿಲ್ಲ. ಮೈಲಮ್ಮನ ಮುಖ ಸಡಿಲಾಯಿತು. ಒಳ್ಳೆಯದಾಯಿತು, ಬಿಸಿಲಿನಲ್ಲಿ ಇಷ್ಟು ದೂರ ಬರುವುದು ನಿಮಗೂ ತಪ್ಪಿತು ಎಂದು ಮತ್ತೆ ಅದೇ ಮಾತನ್ನೇ ಹೇಳಿದಳು. ಬಾಗಿಲಲ್ಲಿದ್ದ ದೇವಿಕಾ ಚೌಕಟ್ಟು ಹಿಡಿದುಕೊಂಡಳು.

ಕಿಷ್ಟಪ್ಪ ಸಾಮಾನುಗಳನ್ನು ಚೀಲಕ್ಕೆ ಹಾಕಿ ಹೆಗಲಿಗೇರಿಸಿದ. ಎರಡು ಹೆಜ್ಜೆ ಹೋದವನು ನಿಂತ.

"ಅಕ್ಕಾರ, ಬರೂ ಸೋಮವಾರ ಬರ್ತೀನಿ ನಾನು. ಪೆಂಟಮ್ಮನ್ನೂ ಕರಕೊಂಡು ಬರ್ತೀನಿ."

"ಯಾಕ? ಮತ್ತೇನರ ಕೆಡತೈತೇನು?"

"ಏನೂ ಕೆಡಂಗಿಲ್ಲ. ಮಗಳನ್ನ ನೋಡಾಕ."

ಮೈಲಮ್ಮ ಸೊಸೆಯ ಕಡೆ ನೋಡಿದಳು, ಓಣಿಯ ಕಡೆ ನೋಡಿದಳು. "ಉಣ್ಣಂಗಿಲ್ಲ, ಒಂದು ಗುಟುಕು ನೀರು ಕುಡ್ಯಂಗಿಲ್ಲ," ಎಂದಳು. "ಅಷ್ಟು ದೂರದಿಂದ ಬಂದು ಏನ್ ಮಾಡ್ತೀರಿ, ಬೀಗರ?"

"ಕುಂದರ್ತೀವಿ," ಎಂದ ಕಿಷ್ಟಪ್ಪ.

ಮೈಲಮ್ಮ ಸೊಂಟಕ್ಕೆ ಬಿಗಿದ ಬಟ್ಟೆಯನ್ನು ಬಿಚ್ಚಿ, ಕೊಡವಿ, ಮಡಿಲಲ್ಲಿಟ್ಟುಕೊಂಡು ಮಡಿಸಿದಳು.

"ಸೋಮವಾರ ನಾ ಊರಾಗ ಇರಂಗಿಲ್ಲ," ಎಂದಳು. "ಮಂಗಳವಾರ ಬರ್ರಿ. ನಾನೂ ಮನ್ಯಾಗ ಇರ್ತೀನಿ."